ವನ್ಸ್‌ಮೋರ್ ಮೀಮಾಂಸೆ

ಹಳೆಯ ಕಂಪನಿ ನಾಟಕದ ಹಾಡಿಗೆ ಮೈಮರೆಯುವವರನ್ನೆಲ್ಲ ಲೋಕ ‘ರಂಗಗೀತೆ ಅಭಿಮಾನಿಗಳು’ ಎಂದು ಒಂದೇ ಗುಂಪಿಗೆ ಸೇರಿಸಿ ಕೈತೊಳೆದುಕೊಂಡಿದೆ. ಶಾಸ್ತ್ರಕ್ಕೆ ಇದು ಸಲ್ಲದ ಸೋಮಾರಿತನ. ಭರತಮುನಿ ಇಷ್ಟು ಉದಾಸೀನನಾಗಿರಲಿಲ್ಲ. ನಾಟ್ಯಶಾಸ್ತ್ರದ ಸಿದ್ಧಿ ಪ್ರಕರಣದಲ್ಲಿ ಪ್ರೇಕ್ಷಕರ ಮೆಚ್ಚುಗೆಯನ್ನು ಬಾಯಿಯದು, ಮೈಯದು ಎಂದು ಎರಡಾಗಿ ಸೀಳಿ, ನಸುನಗೆ, ಗಹಗಹಿಸುವ ನಗೆ, ‘ಸಾಧು’, ‘ಅಹೋ’, ರೋಮಾಂಚ, ಎದ್ದು ನಿಲ್ಲುವುದು, ಬಟ್ಟೆ ಕೊಡುವುದು, ಉಂಗುರ ಎಸೆಯುವುದು ಎಂದು ಪಟ್ಟಿಯನ್ನೇ ಹಾಕಿದ್ದಾನೆ. ವನ್ಸ್‌ಮೋರ್ ಒಂದು ಬಿಟ್ಟುಹೋಗಿದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಪ್ರಮಾಣಗಳಿಂದ ಆ ಲೋಪ ತುಂಬುವುದೇ ಇಲ್ಲಿಯ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಜಾತ್ರೆಯ ನಾಟಕದಲ್ಲಿ ಕೋಳಿ ಕೂಗುವವರೆಗೂ ನಿದ್ದೆ ಮಾಡದವನು. ಮಿಕ್ಕವರು ಬೇಕಾದರೆ ಓದಬಹುದು, ವಾದಿಸುವಂತಿಲ್ಲ.

ಮೊದಲ ಜಾತಿ ಸ್ಮೃತಿವಾದಿಗಳದು. “ಸುಭದ್ರಮ್ಮ ಮನ್ಸೂರರ ದ್ರೌಪದೀನ ನೋಡೀಯೇನು?” ಎಂಬುದೇ ಇವರ ಆದಿಸೂತ್ರ, ಅಂತ್ಯಸೂತ್ರ. ಸಂಡೂರಿನಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಆ ಗಾಯಕ ನಟಿ, ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿಯಾಗಿ ಮನೆಮಾತಾಗಿದ್ದವರು. ಹಾಗಾಗಿ ಸೂತ್ರದಲ್ಲಿ ದೋಷವಿಲ್ಲ. ದೋಷವಿರುವುದು ಪ್ರಮಾಣದಲ್ಲಿ. ಕಣ್ಣಾರೆ ನೋಡಿದವರು ಪ್ರತ್ಯಕ್ಷವಾದಿಗಳು. ಕ್ಯಾಸೆಟ್ ಕೇಳಿ ಊಹಿಸಿದವರು ಅನುಮಾನವಾದಿಗಳು. ಸೋದರಮಾವ ಹೇಳಿದ್ದನ್ನು ನಂಬಿದವರು ಶಬ್ದವಾದಿಗಳು. ಪ್ರತ್ಯಕ್ಷವಾದಿ ಸಾಮಾನ್ಯವಾಗಿ ಸುಮ್ಮನಿರುತ್ತಾನೆ, ಕೇಳಿದರೆ ಒಂದು ಸಾಲು ಗುನುಗಿ ಬಿಡುತ್ತಾನೆ. ಚಹಾ ಅಂಗಡಿಯಲ್ಲಿ ಮೇಜು ಗುದ್ದಿ ವಾದಿಸುವವನು ಯಾವಾಗಲೂ ಶಬ್ದವಾದಿಯೇ.

ಎರಡನೆಯವರು ಧಾಟಿಶೋಧಕರು. ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ‘ಧಾಟಿ’ ಎಂದು ಅಚ್ಚು ಹಾಕಿ, ಯಾವ ಮಟ್ಟಿನಲ್ಲಿ ಹಾಡಬೇಕೆಂದು ತಿಳಿಸುತ್ತಿದ್ದರಷ್ಟೆ. ಮರಾಠಿ ನಾಟ್ಯಗೀತೆ, ಪಾರ್ಸಿ ಕಂಪನಿಯ ಹಾಡು, ಹಿಂದಿ ಸಿನಿಮಾ, ಏನಾದರೂ ಆದೀತು. ನಮ್ಮ ಕವಿಗಳಿಗೆ ಮಡಿಮೈಲಿಗೆ ಇರಲಿಲ್ಲ. ಧಾಟಿಶೋಧಕನ ಆನಂದವೆಲ್ಲ ಈ ಮೂಲವನ್ನು ಹಿಡಿಯುವುದರಲ್ಲಿದೆ. ಸಂಡೂರಿನಲ್ಲಿ ಈ ಜಾತಿ ದಟ್ಟವಾಗಿರುವುದಕ್ಕೆ ಕಾರಣ ಹುಡುಕಬೇಕಿಲ್ಲ: 1949ರವರೆಗೆ ಅದು ಘೋರ್ಪಡೆ ಮನೆತನದ ಮರಾಠಾ ಸಂಸ್ಥಾನ. ರಂಗದ ಮೇಲೆ ತಾಯಿ ಮಗುವಿನ ಶವ ತಬ್ಬಿ ಅಳುತ್ತಿರುವಾಗ ಪಕ್ಕದವನ ಕಿವಿಗೆ ಬಾಗಿ “ಇದು ಮರಾಠೀದು” ಎನ್ನುವವನನ್ನು ನೀವು ಕಂಡಿರುತ್ತೀರಿ. ಅವನು ನಿರ್ದಯಿಯಲ್ಲ, ಸಂಶೋಧಕ.

ಹೊಸಪೇಟೆಯ ಧಾಟಿಶೋಧಕ ಸಿನಿಮಾ ಪಂಗಡದವನು. ಅಪ್ಪು ಪ್ರತಿಮೆಗೆ ಹಾರ ಹಾಕುವ ಊರಿನಲ್ಲಿ ಅದು ಸಹಜ. ಆದರೆ ರಾಜ್‌ಕುಮಾರರೇ ಗುಬ್ಬಿ ವೀರಣ್ಣನವರ ಕಂಪನಿಯಿಂದ ಬಂದವರು ಎಂದು ನೆನಪಿಸಿದೊಡನೆ, ಅವನು ತನ್ನ ಸಿನಿಮಾ ಪ್ರೀತಿಯನ್ನೆಲ್ಲ ಹಿಂದಕ್ಕೆ ಹರಿಸಿ ನಾಟಕಾಭಿಮಾನಿಯೂ ಆಗಿಬಿಡುತ್ತಾನೆ. ಮತಾಂತರ ಇಷ್ಟು ಸುಲಭವಾಗಿರುವ ಪಂಥ ಇನ್ನೊಂದಿಲ್ಲ.

ಪೇಟಿ ಪಕ್ಷದವರು ಹಾಡುವವರ ಮುಖ ನೋಡುವುದಿಲ್ಲ, ಲೆಗ್ ಹಾರ್ಮೋನಿಯಂ ಮೇಲಿನ ಮಾಸ್ತರರ ಬೆರಳು ನೋಡುತ್ತಾರೆ. ಕಪ್ಪು ಒಂದೋ ಬಿಳಿ ನಾಲ್ಕೋ ಎಂಬುದು ಇತ್ಯರ್ಥವಾಗದೆ ಅವರಿಗೆ ರಸೋತ್ಪತ್ತಿಯಿಲ್ಲ. ಪದ್ಯಪಕ್ಷದವರು ಆಂಧ್ರದ ಗಡಿಯ ಕೊಡುಗೆ. ಬಳ್ಳಾರಿ ರಾಘವರ ಜಿಲ್ಲೆಯಲ್ಲಿ ತೆಲುಗು ಪದ್ಯನಾಟಕ ಹೊರಗಿನದೇನಲ್ಲ. ಪದ್ಯದ ಕೊನೆಯಲ್ಲಿ ನಟ ರಾಗ ಎಳೆಯುವಷ್ಟು ಹೊತ್ತೂ ಇವರು ತಮ್ಮ ಉಸಿರನ್ನೂ ಕಟ್ಟಿಕೊಂಡಿರುತ್ತಾರೆ. ವೈದ್ಯಕೀಯ ದೃಷ್ಟಿಯಿಂದ ಇದು ಪರಿಶೀಲನಾರ್ಹ.

ಕಂಪ್ಲಿಯ ಕಡೆ, ಭತ್ತ ಮಾರಿ ಕೈಯಲ್ಲಿ ದುಡ್ಡು ಆಡುವ ದಿನಗಳಲ್ಲಿ ಕಾಣಿಸಿಕೊಳ್ಳುವವರು ದಾನಶೂರರು. ಭರತನ ಉಂಗುರ ಎಸೆಯುವವರ ನೇರ ವಂಶಸ್ಥರು ಇವರೇ. ಒಂದೇ ವ್ಯತ್ಯಾಸ: ಭರತನ ಕಾಲದಲ್ಲಿ ಕೊಟ್ಟವನ ಹೆಸರನ್ನು ಮೈಕಿನಲ್ಲಿ ಕೂಗುತ್ತಿರಲಿಲ್ಲ. ಈಗ ತಂದೆಯ ಹೆಸರು, ಓಣಿ, ಪಕ್ಷ ಸಮೇತ ಕೂಗಬೇಕು. ಆ ಪ್ರಕಟಣೆ ಮುಗಿಯುವವರೆಗೆ ಭೀಮ ಗದೆ ಎತ್ತಿಕೊಂಡೇ ನಿಂತಿರುತ್ತಾನೆ.

ಹಂಪಿಯಲ್ಲಿ, ಎಂ.ಪಿ. ಪ್ರಕಾಶರ ಮುತುವರ್ಜಿಯಿಂದ ಶುರುವಾದ ಉತ್ಸವದ ವೇದಿಕೆಗಳ ಮುಂದೆ, ಕೈ ಎತ್ತಿ ಮೊಬೈಲ್ ಹಿಡಿದವರ ಜಾತಿ ಹೇರಳ. ಇವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೇಕೆಂದಾಗ ಮತ್ತೆ ಮತ್ತೆ ಒತ್ತಿ ಕೇಳಬಹುದಾದವನಿಗೆ ವನ್ಸ್‌ಮೋರ್ ಕೂಗುವ ಅಗತ್ಯವೇ ಹುಟ್ಟುವುದಿಲ್ಲ. ಆದ್ದರಿಂದ ಅವನು ಈ ಶಾಸ್ತ್ರದ ವ್ಯಾಪ್ತಿಗೆ ಹೊರಗು.

ಇನ್ನು ಮುಖ್ಯ ವಿಷಯ. ಪೂರ್ವಪಕ್ಷದವರು ಹೇಳುತ್ತಾರೆ: ರಕ್ತರಾತ್ರಿಯಲ್ಲಿ ಅಶ್ವತ್ಥಾಮ ಉಪಪಾಂಡವರನ್ನು ಕೊಂದಿದ್ದಾನೆ, ದ್ರೌಪದಿ ಗೋಳಾಡಿ ಹಾಡಿದ್ದಾಳೆ, ಆಗ ಸಿಳ್ಳೆ ಹೊಡೆದು ‘ವನ್ಸ್‌ಮೋರ್’ ಎನ್ನುವುದು ರಸಭಂಗ, ಅನಾಗರಿಕತೆ. ಉತ್ತರ: ಕೂಗುವವನು ಮೋಸಹೋದವನಲ್ಲ. ಈ ದ್ರೌಪದಿ ಮರಿಯಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಬಂದದ್ದನ್ನು ಸಂಜೆಯೇ ನೋಡಿದ್ದಾನೆ. ಮೊದಲ ಸಲ ಹಾಡಿದ್ದು ಸತ್ತ ಮಕ್ಕಳಿಗಾಗಿ, ಅದಕ್ಕೆ ಅವನು ಅತ್ತೂ ಆಗಿದೆ. ಎರಡನೆಯ ಸಲದ್ದು ಬೇರೆ ರಸ. ಅಷ್ಟು ಎತ್ತರದ ಸ್ವರಕ್ಕೆ ಆ ಗಂಟಲು ಇನ್ನೊಮ್ಮೆ ಏರೀತೇ, ಏರಿದರೆ ಹೊಸದೇನು ತಂದೀತು? ಕಲಾವಿದೆಗೂ ಅದು ಗೊತ್ತು. ಅದಕ್ಕೇ ಎರಡನೆಯ ಸಲ ಆಕೆ ಹಾಡನ್ನು ಹಾಗೇ ಒಪ್ಪಿಸುವುದಿಲ್ಲ; ಮಾಸ್ತರರತ್ತ ಕಣ್ಣು ಹಾಯಿಸಿ ಒಂದು ತಿರುವನ್ನಾದರೂ ಬದಲಿಸುತ್ತಾರೆ.

ಇದು ನಮ್ಮ ಸೀಮೆಯ ದುರಭ್ಯಾಸವೆಂದು ನಗುವವರಿಗೆ ಹೊರಗಿನ ಪ್ರಮಾಣವೊಂದಿದೆ. 1956ರ ಜುಲೈಯಲ್ಲಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ನರ ತಂಡದ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನ್ ಹಿಡಿದು ಬ್ಲೂಸ್‌ನ 27 ಆವರ್ತಗಳನ್ನು ಬಿಡದೆ ನುಡಿಸಿದರು. ಕಪ್ಪು ಉಡುಪಿನ ಹೆಂಗಸೊಬ್ಬಳು ಎದ್ದು ಕುಣಿದಳು, ಹಿಂದೆಯೇ ಸಭೆಯೆಲ್ಲ ಎದ್ದಿತು. ಮಂಕಾಗಿದ್ದ ಎಲಿಂಗ್ಟನ್ನರ ಹೆಸರು ಆ ರಾತ್ರಿಯಿಂದ ಮತ್ತೆ ಮೇಲೆದ್ದಿತು. ಭರತನ ಪಟ್ಟಿಯಲ್ಲಿ ಎದ್ದು ನಿಲ್ಲುವುದೂ ರೋಮಾಂಚವೂ ಇವೆಯಷ್ಟೆ. ಉಂಗುರ ಎಸೆದವರಿದ್ದರೆ ಕಂಪ್ಲಿಯೇ ಆಗುತ್ತಿತ್ತು.

ಆದ್ದರಿಂದ ವಿಧಿ ಹೀಗೆ: ಮೊದಲ ವನ್ಸ್‌ಮೋರ್ ನಿತ್ಯಕರ್ಮ, ಕೂಗದಿದ್ದರೆ ಪ್ರತ್ಯವಾಯ. ಎರಡನೆಯದು ಕಾಮ್ಯ. ಮೂರನೆಯದನ್ನು ಕೂಗಬೇಕೆನ್ನುವವನು ಕೂತಲ್ಲಿಂದ ಕೂಗಬಾರದು. ನೋಟು ಹಿಡಿದು ರಂಗದ ಮೆಟ್ಟಿಲು ಹತ್ತಿ ಕೂಗಬೇಕು. ದ್ರೌಪದಿಗೆ ನಾಳೆ ರಾತ್ರಿ ಬೇರೆ ಊರಿನಲ್ಲಿ ಇದೇ ನಾಟಕವಿದೆ.