ದರ್ಜಿಯ ವಾಯಿದೆ: ಒಂದು ಗಣಿತಮೀಮಾಂಸೆ

ಗ್ರಹಣಸ್ಪರ್ಶದ ನಿಮಿಷವನ್ನು ವರ್ಷ ಮೊದಲೇ ನಿರ್ಣಯಿಸಬಲ್ಲ ಪಂಚಾಂಗಕರ್ತರಿರುವ ಈ ನಾಡಿನಲ್ಲಿ, ಗೌರೀಹಬ್ಬಕ್ಕೆಂದು ಹೊಲಿಯಲು ಕೊಟ್ಟ ರವಿಕೆಯು ಯಾವ ಹಬ್ಬಕ್ಕೆ ಕೈಸೇರುವುದೆಂದು ಹೇಳಬಲ್ಲ ಶಾಸ್ತ್ರವೊಂದು ಇನ್ನೂ ಹುಟ್ಟದಿರುವುದು ವಿದ್ವಲ್ಲೋಕಕ್ಕೆ ಶೋಭಿಸತಕ್ಕ ಸಂಗತಿಯಲ್ಲ.

ಇದಕ್ಕೆ ಸಾಧನವಾಗಿ ನಾವು ಆಯ್ದುಕೊಂಡುದು ರಿಗ್ರೆಶನ್ನಿನ ಸರಳರೇಖೆಯನ್ನು. ಅದರ ಮೂಲವಾದ ಕನಿಷ್ಠ ವರ್ಗ ವಿಧಾನವನ್ನು ಫ್ರಾನ್ಸಿನ ಲೆಜಾಂಡ್ರನು 1805ರಲ್ಲಿ ಪ್ರಕಟಿಸಿದುದು ಧೂಮಕೇತುಗಳ ಕಕ್ಷೆಗಾಗಿ; ತಾನದನ್ನು 1795ರಿಂದಲೇ ಬಳಸುತ್ತಿದ್ದೆನೆಂದು ಗೌಸನು 1809ರಲ್ಲಿ ತಗಾದೆ ತೆಗೆದನು. ಧೂಮಕೇತುವಾದರೋ ವಾಯಿದೆಗೆ ತಪ್ಪದ ಸಂಭಾವಿತ ವಸ್ತು. ವಿಧಾನದ ನಿಜವಾದ ಪರೀಕ್ಷೆ ನಡೆಯಬೇಕಾದುದು ಹೊಲಿಗೆಯಂಗಡಿಯಲ್ಲಿ.

ಬಟ್ಟೆಯ ಚೂರನ್ನು ಗುಂಡುಸೂಜಿಯಿಂದ ಚುಚ್ಚಿದ, ಒಂದು ತಾರೀಖನ್ನು ಹೊಡೆದುಹಾಕಿ ಅದರ ಮೇಲೆ ಇನ್ನೊಂದನ್ನು ಬರೆದ ಬಿಲ್ಲುಗಳೇ ನಮಗೆ ಆಕರ. ಉಡುಪುಗಳ ಸಂಖ್ಯೆಯನ್ನು ಅಡ್ಡಕ್ಕೂ ವಿಳಂಬದ ದಿನಗಳನ್ನು ಉದ್ದಕ್ಕೂ ಗುರುತಿಸಿ ರೇಖೆಯನ್ನೆಳೆಯಲು, ಅದು ಸೊನ್ನೆಗಿಂತ ಬಹಳ ಮೇಲೆ ಲಂಬಾಕ್ಷವನ್ನು ಛೇದಿಸಿತು. ಎಂದರೆ, ಬಟ್ಟೆಯನ್ನೇ ಕೊಡದವನೂ ಕೆಲವು ದಿನ ತಡವಾಗಿಯೇ ಅದನ್ನು ಪಡೆಯತಕ್ಕದ್ದೆಂದು ಸಿದ್ಧವಾಯಿತು. ಮೇಲಾಗಿ, ಒಂಟಿ ಅಂಗಿಯ ವಿಷಯದಲ್ಲಿ ರೇಖೆಗೆ ಅಂಟಿಕೊಂಡಿದ್ದ ಬಿಂದುಗಳು ಮದುವೆಯ ಬಟ್ಟೆಗಳೆಡೆಗೆ ಸಾಗಿದಂತೆ ಬೀಸಣಿಗೆಯಂತೆ ಹರಡಿಕೊಂಡವು. ಕರೆಂಟು ಹೋಗುವುದು, ಕಾಜಾ ಹಾಕುವ ಹುಡುಗನು ಊರಿಗೆ ಹೋಗುವುದು ಮೊದಲಾದ ವಿಘ್ನಗಳು ಒಂದಕ್ಕೊಂದು ಕೂಡುವುವಲ್ಲ, ಗುಣಿಸುವುವು ಎಂಬುದೇ ಇದರ ಕಾರಣ. ಗುಣಾಕಾರವನ್ನು ಸಂಕಲನವಾಗಿಸುವ ಲಘುಗಣಕವನ್ನು ನೇಪಿಯರನು 1614ರಲ್ಲಿಯೇ ದಯಪಾಲಿಸಿರಲಾಗಿ, ವಿಳಂಬಕ್ಕೆ ಆ ಸಂಸ್ಕಾರವನ್ನು ಮಾಡಿದೆವು, ಬೀಸಣಿಗೆ ಮಡಿಚಿಕೊಂಡಿತು.

ಇಲ್ಲಿ ಪೂರ್ವಪಕ್ಷ: ಸೊನ್ನೆಗೆ ಲಘುಗಣಕವಿಲ್ಲವಷ್ಟೆ, ಹೇಳಿದ ದಿನವೇ ಬಟ್ಟೆ ಕೊಟ್ಟಲ್ಲಿ ಏನು ಗತಿ? ಅಂಥ ಸಂದರ್ಭದಲ್ಲಿ ಒಂದನ್ನು ಕೂಡಿಸಿಕೊಳ್ಳುವುದು ಶಿಷ್ಟಸಂಪ್ರದಾಯ. ನಮಗಾದರೋ ಆ ಪ್ರಮೇಯವೇ ಒದಗಲಿಲ್ಲ. ಅಂಥ ಬಿಲ್ಲೊಂದೂ ದೊರೆಯಲಿಲ್ಲ.

ಆದರೆ ಲಘುಗಣಕದಿಂದ ಮರಳಿ ದಿನಗಳಿಗಿಳಿದಾಗ ಸೂತ್ರವು ಕೊಡುವುದು ಸರಾಸರಿಯನ್ನಲ್ಲ, ಮಧ್ಯಾಂಕವನ್ನು. ನಾವು ಸಾರಿದ ದಿನದಂದು ಅರ್ಧ ಗಿರಾಕಿಗಳು ಬರಿಗೈಯಲ್ಲಿಯೇ ಇರುವರು. ಸರಾಸರಿಯು ಅದಕ್ಕೂ ಆಚೆ ಇರುವುದು.

ಈ ಫಲಿತಾಂಶವನ್ನು ನಿವೇದಿಸಲಾಗಿ ದರ್ಜಿಯು, ಕೊರಳಿನ ಟೇಪನ್ನು ಸರಿಪಡಿಸಿಕೊಂಡು, ಯಂತ್ರದಿಂದ ಕಣ್ಣೆತ್ತದೆ, “ಎಲ್ಲಾ ಆಗಿದೆ ಸ್ವಾಮಿ, ಕಾಜಾ ಗುಂಡಿ ಒಂದು ಬಾಕಿ, ನಾಳೆ ಸಾಯಂಕಾಲ ಬನ್ನಿ” ಎಂದನು. ಉಡುಪಿನ ಸಂಖ್ಯೆ, ಹಬ್ಬದ ಸಾಮೀಪ್ಯ, ಗಿರಾಕಿಯ ಅಂತಸ್ತು ಇವಾವುದಕ್ಕೂ ಅಧೀನವಲ್ಲದ, ಎಂದಿಗೂ ವ್ಯತ್ಯಾಸಗೊಳ್ಳದ ಈ ಅಂದಾಜಿಗಿರುವ ದೋಷವೊಂದೇ: ಅದು ನಿಜವಾಗದು. ಆ ದೋಷವು ನಮ್ಮ ಸೂತ್ರಕ್ಕೂ ಸಮಾನವಾಗಿರುವುದರಿಂದ, ಗಣಿತದ ಶ್ರಮವನ್ನು ಬೇಡದ ಅವನ ಸಿದ್ಧಾಂತವೇ ಲಾಘವನ್ಯಾಯದಿಂದ ಗ್ರಾಹ್ಯವೆಂದು ಸಾಧಿತವಾಯಿತು.