ಬ್ಯಾಚ್ ಮೀಮಾಂಸೆ

ಒಂದೇ ಪ್ರಾಜೆಕ್ಟ್ ರಿಪೋರ್ಟಿನ ಮುಖಪುಟದಲ್ಲಿ ಹೆಸರು ಮತ್ತು ಯುಎಸ್‌ಎನ್ ಎಂಬ ನೋಂದಣಿ ಸಂಖ್ಯೆ ಸಮೇತ ಅಚ್ಚಾದ ನಾಲ್ವರು ವಿದ್ಯಾರ್ಥಿಗಳ ಸಮೂಹಕ್ಕೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬ್ಯಾಚ್ ಎಂದು ಹೆಸರು. ನಾಲ್ವರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರಿರಬೇಕೆಂಬುದನ್ನು ಈ ಲಕ್ಷಣದೊಳಗೆ ತರುವಂತಿಲ್ಲ. ತಂದರೆ ಅಸಂಭವ ದೋಷ ಬರುತ್ತದೆ, ಅಂದರೆ ರಾಜ್ಯದಲ್ಲಿ ಬ್ಯಾಚ್ ಎನ್ನುವುದೇ ಉಳಿಯುವುದಿಲ್ಲ. ಒಟ್ಟಿಗೆ ಟೀ ಕುಡಿಯುವುದೇ ಲಕ್ಷಣವೆಂದರೆ ಅದು ಅತಿವ್ಯಾಪ್ತಿ: ಇಡೀ ಕ್ಯಾಂಟೀನು ಒಂದೇ ಬ್ಯಾಚ್ ಆದೀತು. ಆದ್ದರಿಂದ ಮುಖಪುಟವೇ ಗತಿ.

ಬ್ಯಾಚ್ ಹುಟ್ಟುವ ಸಂದರ್ಭಗಳು ಹಲವು. ಅವುಗಳಲ್ಲಿ ಇತ್ತೀಚಿನದು ನಾವೀನ್ಯವನ್ನೇ ಪಾಠ ಮಾಡುವ ಕೋರ್ಸು. 1998ರಲ್ಲಿ ಸ್ಥಾಪನೆಯಾಗಿ ಬೆಳಗಾವಿಯಲ್ಲಿ ನೆಲೆಸಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಮೊದಲ ವರ್ಷದವರಿಗೇ 'ಇನ್ನೊವೇಷನ್ ಅಂಡ್ ಡಿಸೈನ್ ಥಿಂಕಿಂಗ್' ಇದೆ. ಅದರ ತೂಕ ಒಂದು ಕ್ರೆಡಿಟ್. ಸೆಮಿಸ್ಟರ್ ಕೊನೆಯ ಪರೀಕ್ಷೆ ಬಹುಆಯ್ಕೆಯ ಪ್ರಶ್ನೆಗಳದ್ದು. ಯಾರಿಗೂ ಹೊಳೆಯದ ಉತ್ತರ ಹೊಳೆಯಿಸಿಕೊಳ್ಳುವ ಶಕ್ತಿಯನ್ನು, ಮೊದಲೇ ಅಚ್ಚಾಗಿರುವ ನಾಲ್ಕು ಉತ್ತರಗಳ ನಡುವೆ ಬಿಟ್ಟು ಅಳೆಯುವ ವಿಧಾನವಿದು. ಇದರಲ್ಲಿ ವಿರೋಧಾಭಾಸ ಕಾಣುವವರು ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದವರಲ್ಲ.

ಕೋರ್ಸಿನ ತಿರುಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿ-ಸ್ಕೂಲ್ ಪ್ರಚಾರಕ್ಕೆ ತಂದ ಐದು ಮೆಟ್ಟಿಲು: ಬಳಸುವವರ ಕಷ್ಟವನ್ನು ಅರಿಯುವುದು, ಸಮಸ್ಯೆಯನ್ನು ಖಚಿತವಾಗಿ ಹೇಳುವುದು, ಉಪಾಯ ಹುಡುಕುವುದು, ಮಾದರಿ ಕಟ್ಟುವುದು, ಪರೀಕ್ಷಿಸುವುದು. ಈ ಅನುಲೋಮ ಕ್ರಮ ಪಠ್ಯದಲ್ಲಿದೆ. ಆಚರಣೆಯಲ್ಲಿರುವುದು ವಿಲೋಮ ಕ್ರಮ. ಮೊದಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸಿಕ್ಕ ಬಿಡಿಭಾಗಗಳನ್ನು ತರುವುದು, ಅವು ಸುಟ್ಟಿಲ್ಲವೆಂದು ಪರೀಕ್ಷಿಸುವುದು, ಜೋಡಿಸುವುದು, ಜೋಡಿಸಿದ್ದರಿಂದ ಏನು ಮಾಡಬಹುದೆಂದು ಯೋಚಿಸುವುದು, ಅದಕ್ಕೆ ತಕ್ಕ ಸಮಸ್ಯೆಯೊಂದನ್ನು ಬರೆಯುವುದು, ಕಟ್ಟಕಡೆಗೆ ಆ ಸಮಸ್ಯೆಯಿಂದ ನರಳುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುವುದು.

ವಿಲೋಮ ಕ್ರಮದ ಫಲವತ್ತತೆಗೆ ಎಚ್‌ಸಿ-ಎಸ್‌ಆರ್04 ಎಂಬ ಸೆನ್ಸರೇ ಸಾಕ್ಷಿ. ಎರಡು ಕಣ್ಣುಗಳಿರುವಂತೆ ಕಾಣುವ ಈ ಪುಟ್ಟ ಹಲಗೆ 40 ಕಿಲೋಹರ್ಟ್ಸ್‌ನ ಶಬ್ದ ಹೊರಡಿಸಿ, ಅದು ಎದುರಿನ ವಸ್ತುವಿಗೆ ಬಡಿದು ಮರಳುವ ಹೊತ್ತನ್ನು ಎಣಿಸಿ, 2 ಸೆಂಟಿಮೀಟರಿನಿಂದ ಸುಮಾರು 4 ಮೀಟರಿನವರೆಗಿನ ದೂರ ತಿಳಿಸುತ್ತದೆ. ಅದಕ್ಕೆ ಬೇರೇನೂ ಬರುವುದಿಲ್ಲ. ಆದರೂ ಡಸ್ಟ್‌ಬಿನ್ನಿನ ಮುಚ್ಚಳಕ್ಕೆ ಸಿಕ್ಕಿಸಿದರೆ ಅದು ಸ್ವಚ್ಛ ಭಾರತ, ಕೋಲಿನ ತುದಿಗೆ ಕಟ್ಟಿದರೆ ಅಂಧರ ಸೇವೆ, ನೀರಿನ ಟ್ಯಾಂಕಿನ ಮೇಲಿಟ್ಟರೆ ಜಲಸಂರಕ್ಷಣೆ, ಆಟಿಕೆ ಕಾರಿನ ಮೂತಿಗೆ ಅಂಟಿಸಿದರೆ ರಸ್ತೆ ಸುರಕ್ಷತೆ. ಒಂದೇ ತರಗತಿಯ ನಾಲ್ಕು ಬ್ಯಾಚ್‌ಗಳು ಒಂದೇ ಸೆನ್ಸರನ್ನು ಸರದಿಯ ಮೇಲೆ ಬಿಚ್ಚಿ ಕಟ್ಟಿ ನಾಲ್ಕು ಸಾಮಾಜಿಕ ಪಿಡುಗುಗಳನ್ನು ಒಂದೇ ಮಧ್ಯಾಹ್ನದಲ್ಲಿ ನಿವಾರಿಸುವುದು ಅಸಾಧ್ಯವೇನಲ್ಲ. ಈ ಪೈಕಿ ಶ್ರೇಷ್ಠವಾದುದು ಸ್ಮಾರ್ಟ್ ಡಸ್ಟ್‌ಬಿನ್. ಕಾಲಲ್ಲಿ ಒತ್ತಿದರೆ ಬಾಯಿ ತೆರೆಯುವ ಕಸದ ಡಬ್ಬವನ್ನು ಅಮೆರಿಕದ ಎಂಜಿನಿಯರ್ ಲಿಲಿಯನ್ ಗಿಲ್ಬ್ರೆತ್ ರೂಪಿಸಿದರೆಂಬ ಖ್ಯಾತಿ ಹಳೆಯದು. ಅದಕ್ಕೆ ಬ್ಯಾಟರಿ ಬೇಡ, ಕೋಡ್ ಬೇಡ, ರಿಪೋರ್ಟ್ ಮೊದಲೇ ಬೇಡ. ಆದ್ದರಿಂದ ಅದು ನಾವೀನ್ಯದ ಲೆಕ್ಕಕ್ಕೆ ಬರುವುದಿಲ್ಲ.

ಪರರ ಕಷ್ಟ ಅರಿಯುವ ಮೆಟ್ಟಿಲಿಗೆ ಬ್ಯಾಚಿನಲ್ಲಿ ಯಾರಿಗಾದರೂ ಹಳ್ಳಿಯಲ್ಲಿ ದೊಡ್ಡಪ್ಪ ಇದ್ದರೆ ಸಾಕು. ಸ್ಮಾರ್ಟ್ ನೀರಾವರಿ ಕೈಗೆತ್ತಿಕೊಂಡ ಬ್ಯಾಚ್ ದೊಡ್ಡಪ್ಪನಿಗೆ ಫೋನು ಮಾಡಿ, ಮಣ್ಣಿನ ತೇವಾಂಶ ತಿಳಿಯದೆ ತೊಂದರೆಯಾಗುತ್ತಿದೆಯೇ ಎಂದು ಕೇಳುತ್ತದೆ. ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ನೆಲ ಒಣಗೈತೋ ಇಲ್ವೋ ಕಾಲಿಟ್ರೆ ಗೊತ್ತಾಗುತ್ತೆ ಕಣ್ ಮಗಾ. ತ್ರೀ ಫೇಸ್ ಕರೆಂಟು ಕೊಡೋದೇ ರಾತ್ರಿ ಹೊತ್ತು. ಅದನ್ನ ಹಗಲು ಕೊಡ್ಸೋ ಮಿಷನ್ ಏನಾರ ಐತಾ?" ಇಂಥ ಮಿಷನ್ ಎಸ್.ಪಿ. ರೋಡಿನಲ್ಲಿ ಸಿಗುವುದಿಲ್ಲ. ಹಾಗಾಗಿ ಸಂದರ್ಶನದ ಸಾರಾಂಶವನ್ನು 'ರೈತರು ತೇವಾಂಶದ ಮಾಹಿತಿಯ ತೀವ್ರ ಕೊರತೆ ಎದುರಿಸುತ್ತಿದ್ದಾರೆ' ಎಂದು ದಾಖಲಿಸಲಾಗುತ್ತದೆ. ದೊಡ್ಡಪ್ಪನ ತೋಟದಲ್ಲಿ ಮೊಬೈಲಿನಿಂದ ಕರೆ ಮಾಡಿದರೆ ಪಂಪು ಶುರುವಾಗುವ ಸ್ಟಾರ್ಟರು ಮೊದಲೇ ಇದ್ದುದು ಅಪ್ರಸ್ತುತವೆಂದು ಬಿಟ್ಟುಹೋಗುತ್ತದೆ. ಎರಡು ಹಲ್ಲಿನ ಅಗ್ಗದ ತೇವಾಂಶ ಸೆನ್ಸರನ್ನು ಸದಾ ಕರೆಂಟು ಕೊಟ್ಟು ಒದ್ದೆ ಮಣ್ಣಿನಲ್ಲಿ ಬಿಟ್ಟರೆ ವಿದ್ಯುದ್ವಿಭಜನೆಯಿಂದ ಅದರ ಲೋಹದ ಲೇಪ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ರಿವ್ಯೂ ಅಷ್ಟರೊಳಗೆ ಮುಗಿದಿರುತ್ತದಾದ್ದರಿಂದ ಇದೂ ಅಪ್ರಸ್ತುತ.

ಇನ್ನು ಬ್ಯಾಚಿನ ಆಂತರಿಕ ರಚನೆ. ಇದನ್ನು ವಿವರಿಸಲು ಪಾಶ್ಚಾತ್ಯ ಆಡಳಿತಶಾಸ್ತ್ರಕ್ಕಿಂತ ಹೈಸ್ಕೂಲಿನ ಕನ್ನಡ ವ್ಯಾಕರಣವೇ ಅನುಕೂಲ. ಕೇಶಿರಾಜನ 'ಶಬ್ದಮಣಿದರ್ಪಣ' ಹದಿಮೂರನೆಯ ಶತಮಾನದ್ದು. ಅದರಲ್ಲಿ ಸಾಧಿತವಾದ ವಿಭಕ್ತಿಗಳು ಬ್ಯಾಚಿಗೆ ಅಳತೆ ತೆಗೆದು ಹೊಲಿದಂತೆ ಒಪ್ಪುತ್ತವೆ. ಪ್ರಥಮಾ ಕರ್ತೃ: ರಾತ್ರಿಯೆಲ್ಲ ಕೂತು ಕೋಡ್ ಓಡಿಸುವವನು ಅಥವಾ ಓಡಿಸುವವಳು, ಪ್ರತಿ ಬ್ಯಾಚಿನಲ್ಲೂ ಏಕವಚನ. ದ್ವಿತೀಯಾ ಕರ್ಮ: 'ಅವನನ್ನು ಕಳಿಸು' ಎಂಬ ವಾಕ್ಯದಲ್ಲಿ ಬಾಳುವವನು, ಜೆರಾಕ್ಸ್ ಅಂಗಡಿ, ಬೈಂಡಿಂಗ್ ಅಂಗಡಿ ಮತ್ತು ಎಚ್‌ಒಡಿ ಸಹಿಯ ನಡುವೆ ಓಡಾಡುವವನು. ತೃತೀಯಾ ಕರಣ: ಯಾರ ಲ್ಯಾಪ್‌ಟಾಪು, ಯಾರ ಬೈಕು, ಯಾರ ಡೇಟಾದಿಂದ ಕೆಲಸ ನಡೆಯುತ್ತದೆಯೋ ಅವನು. ಇವನನ್ನು ಯಾವ ಬ್ಯಾಚೂ ಬೈಯುವುದಿಲ್ಲ. ಚತುರ್ಥಿ ಸಂಪ್ರದಾನವು ಅಂಕ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ, ನಾಲ್ವರಿಗೂ ಸಮ. ಪಂಚಮಿಯ 'ದೆಸೆಯಿಂದ' ಎಂಬ ಪ್ರತ್ಯಯವನ್ನು ವ್ಯಾಕರಣ ಪುಸ್ತಕದ ಹೊರಗೆ ಯಾರೂ ಬಾಯಿಗೆ ತರುವುದಿಲ್ಲ. ಅದರಂತೆಯೇ ಸೀನಿಯರಿನ ಹೆಸರನ್ನು ಬ್ಯಾಚಿನಲ್ಲಿ ಯಾರೂ ಹೇಳುವುದಿಲ್ಲ, ಕೋಡ್ ಬಂದದ್ದು ಮಾತ್ರ ಅವನ ದೆಸೆಯಿಂದಲೇ. ಸಪ್ತಮಿ ಅಧಿಕರಣ, ಅಂದರೆ ಯಾರ ರೂಮಿನಲ್ಲಿ. ಸಂಬೋಧನೆ ಗೈಡಿಗೆ ಮೀಸಲು; ಅವರು ವಾಕ್ಯದ ಆರಂಭದಲ್ಲೂ ಅಂತ್ಯದಲ್ಲೂ 'ಸಾರ್' ಎಂಬ ರೂಪದಲ್ಲಿ ಬರುತ್ತಾರೆ, ಕ್ರಿಯಾಪದಕ್ಕೆ ಅಂಟುವುದಿಲ್ಲ.

ಉಳಿದದ್ದು ಷಷ್ಠಿ. ಇದರ ಮೇಲೆ ಸ್ವಲ್ಪ ನಿಲ್ಲಬೇಕು. ಷಷ್ಠೀ ವಿಭಕ್ತಿಗೆ ಕಾರಕತ್ವವಿಲ್ಲವೆಂದು ವೈಯಾಕರಣರು ಎಂದೋ ತೀರ್ಮಾನಿಸಿದ್ದಾರೆ: ಅದು ನಾಮಪದಕ್ಕೂ ನಾಮಪದಕ್ಕೂ ಸಂಬಂಧ ತೋರಿಸುತ್ತದೆ, ಕ್ರಿಯೆಯೊಂದಿಗೆ ಅದಕ್ಕೆ ನೇರ ಸಂಪರ್ಕವಿಲ್ಲ. ಪ್ರತಿ ಬ್ಯಾಚಿನಲ್ಲೂ ಇಂಥ ಒಬ್ಬನಿರುತ್ತಾನೆ. ಅವನ ಹೆಸರಿಗೂ ಮುಖಪುಟಕ್ಕೂ ಸಂಬಂಧವಿದೆ. ಪ್ರಾಜೆಕ್ಟು 'ಅವನ' ಪ್ರಾಜೆಕ್ಟೇ. ಆದರೆ ಜೋಡಿಸಿದ, ಬರೆದ, ಬೆಸೆದ, ತಂದ, ಕೊನೆಗೆ ನೋಡಿದ ಎಂಬ ಯಾವ ಕ್ರಿಯಾಪದಕ್ಕೂ ಅವನನ್ನು ಅನ್ವಯಿಸಲಾಗದು. ಅವನನ್ನು ಸೋಮಾರಿ ಎನ್ನುವುದು ಅವೈಜ್ಞಾನಿಕ.

ಯಾಕೆಂದರೆ ಇದಕ್ಕೆ ಪ್ರಯೋಗಸಿದ್ಧ ಆಧಾರವಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಯಿಸಿ 1913ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬನೂ ಹಾಕುವ ಬಲ ಅವನು ಒಂಟಿಯಾಗಿ ಎಳೆದಾಗಿನ ಅರ್ಧದಷ್ಟಕ್ಕೆ ಇಳಿಯುತ್ತದೆ. ಎಲ್ಲರ ಎಳೆತ ಒಂದೇ ಕ್ಷಣಕ್ಕೆ ಕೂಡಿಬರದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ರಿಂಗೆಲ್ಮನ್ ಬಗೆದ. ಎತ್ತು ಏರಿಗೆ, ಕೋಣ ನೀರಿಗೆ ಎಂಬುದನ್ನು ಫ್ರೆಂಚಿನಲ್ಲಿ ಮಾಪನ ಮಾಡಿದಂತಾಯಿತು. ಆದರೆ 1979ರಲ್ಲಿ ಅಮೆರಿಕದ ಲತಾನೆ, ವಿಲಿಯಮ್ಸ್, ಹಾರ್ಕಿನ್ಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು, ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ, ಕಿವಿಗೆ ಹೆಡ್‌ಫೋನ್ ಹಾಕಿ ಕೂಗಲು ಹೇಳಿದರು. ಜೊತೆಗೆ ಬೇರೆಯವರೂ ಕೂಗುತ್ತಿದ್ದಾರೆಂದು ನಂಬಿಸಿದ್ದೇ ತಡ, ವಾಸ್ತವದಲ್ಲಿ ಒಬ್ಬನೇ ಇದ್ದವನ ದನಿಯೂ ತಗ್ಗಿತು. ಷಷ್ಠಿ ಹುಟ್ಟಲು ಜೊತೆಗಾರರು ಇರಬೇಕೆಂದೇನಿಲ್ಲ. ಇದ್ದಾರೆಂಬ ನಂಬಿಕೆ ಸಾಕು. ಮೂವರಲ್ಲಿ ಹಾರ್ಕಿನ್ಸ್ ಎಷ್ಟು ಕೆಲಸ ಮಾಡಿದ ಎಂದು ಕೇಳುವುದು ಸಭ್ಯತೆಯಲ್ಲ.

ಉಪಾಯ ಹುಡುಕಾಟದ ಪ್ರಕರಣ ಚಿಕ್ಕದು. ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬರ್ನ್ 1953ರ 'ಅಪ್ಲೈಡ್ ಇಮ್ಯಾಜಿನೇಷನ್' ಪುಸ್ತಕದಲ್ಲಿ ಬ್ರೈನ್‌ಸ್ಟಾರ್ಮಿಂಗಿಗೆ ನಾಲ್ಕು ಕಟ್ಟಳೆ ವಿಧಿಸಿದ: ಟೀಕೆ ಕೂಡದು, ಹುಚ್ಚು ಉಪಾಯಕ್ಕೂ ಸ್ವಾಗತ, ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು, ಇನ್ನೊಬ್ಬರದಕ್ಕೆ ಕೂಡಿಸಿ ಬೆಳೆಸಿ. ಕ್ಯಾಂಟೀನಿನಲ್ಲಿ ಮೊದಲ ಕಟ್ಟಳೆ 'ಆಗಲ್ಲ ಬಿಡು ಮಗಾ' ಎಂಬ ವಾಕ್ಯದಿಂದ ಮುರಿಯುತ್ತದೆ, ಎರಡನೆಯದೂ ಮೂರನೆಯದೂ ಟೀ ಆರುವ ಮೊದಲೇ ಮುಗಿಯುತ್ತವೆ. ನಾಲ್ಕನೆಯದು ಮಾತ್ರ ಅಕ್ಷರಶಃ ಪಾಲನೆಯಾಗುತ್ತದೆ, ಇನ್ನೊಬ್ಬರದು ಎಂದರೆ ಹೋದ ವರ್ಷದವರದು ಎಂದಿಟ್ಟುಕೊಂಡರೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು, ನಾಲ್ವರು ಬೇರೆ ಬೇರೆ ಕೂತು ಯೋಚಿಸಿ ಆಮೇಲೆ ಕೂಡಿಸಿದರೆ, ಒಟ್ಟಿಗೆ ಕೂತ ನಾಲ್ವರ ಹತ್ತಿರಹತ್ತಿರ ಎರಡರಷ್ಟು ಉಪಾಯ ಸಿಗುತ್ತವೆಂದು ತೋರಿಸಿತು. ಬ್ಯಾಚ್‌ಗಳು ಇದನ್ನು ಓದದೆಯೇ ಅನುಸರಿಸಿ ತಂತಮ್ಮ ರೂಮು ಸೇರುತ್ತವೆ. ಆದರೆ ನಾಲ್ವರೂ ನೋಡುವುದು ಒಂದೇ ಯೂಟ್ಯೂಬ್ ವಿಡಿಯೋ ಆದ್ದರಿಂದ ಕೂಡಿಸಿದಾಗ ಮೊತ್ತ ಒಂದೇ ಬರುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಸಮಸ್ಯೆ ಸೆನ್ಸರಿನಿಂದ ಹುಟ್ಟಿತು, ಕೋಡ್ ಸೀನಿಯರಿಂದ ಬಂತು, ಉಪಾಯ ಯೂಟ್ಯೂಬಿನದು. ಹಾಗಿದ್ದರೆ ಸೃಜನಶೀಲತೆ ಎಲ್ಲಿ? ಸಿದ್ಧಾಂತ: ಸೃಜನಶೀಲತೆ ಹೇರಳವಾಗಿದೆ, ಪ್ರಾಜೆಕ್ಟಿನ ಒಳಗೆ ಹುಡುಕಿದ್ದೇ ತಪ್ಪು. ಅದು ಡೆಮೊ ದಿನ ಬೆಳಿಗ್ಗೆ ಒಂಬತ್ತರಿಂದ, ಹೊರಗಿನ ಪರೀಕ್ಷಕರಾದ ಎಕ್ಸ್‌ಟರ್ನಲ್ ಕಾಫಿ ಮುಗಿಸಿ ಬರುವವರೆಗಿನ ಅವಧಿಯಲ್ಲಿ ಪ್ರಕಟವಾಗುತ್ತದೆ.

ಮನಶ್ಶಾಸ್ತ್ರಜ್ಞ ಕಾರ್ಲ್ ಡಂಕರ್ ಜನರಿಗೆ ಮೇಣದಬತ್ತಿ, ಕಡ್ಡಿಪೆಟ್ಟಿಗೆ ಮತ್ತು ಒಂದು ಡಬ್ಬಿ ಡ್ರಾಯಿಂಗ್ ಪಿನ್ನು ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಲು ಹೇಳಿದ್ದ. ಪಿನ್ನಿನ ಡಬ್ಬಿಯನ್ನೇ ಖಾಲಿ ಮಾಡಿ ಗೋಡೆಗೆ ಚುಚ್ಚಿ ಹಣತೆಗೂಡು ಮಾಡಬಹುದೆಂದು ಬಹಳ ಮಂದಿಗೆ ಹೊಳೆಯಲಿಲ್ಲ. ಪಿನ್ನು ತುಂಬಿದ ಡಬ್ಬಿ ಅವರ ಕಣ್ಣಿಗೆ ಪಿನ್ನಿನ ಡಬ್ಬಿಯಾಗಿಯೇ ಉಳಿಯಿತು. ಈ ಜಡತೆ ಬ್ಯಾಚಿನಲ್ಲಿ ಲವಲೇಶವೂ ಇಲ್ಲ. ಮೋಟರು ಅಲುಗಿದರೆ ಕೂದಲಿನ ರಬ್ಬರ್ ಬ್ಯಾಂಡು, ಬೋರ್ಡು ವಾಲಿದರೆ ಐಸ್‌ಕ್ರೀಮ್ ಕಡ್ಡಿ, ಬ್ಯಾಟರಿ ಸತ್ತರೆ ಪಕ್ಕದ ಬ್ಯಾಚಿನ ಪವರ್ ಬ್ಯಾಂಕ್, ಕಾಲೇಜಿನ ವೈಫೈ ಕೈಕೊಟ್ಟರೆ ಕರಣನ ಹಾಟ್‌ಸ್ಪಾಟ್. ಸರ್ವೋ ಮೋಟರು ಕಚ್ಚಿಕೊಂಡು ಡಸ್ಟ್‌ಬಿನ್ನಿನ ಮುಚ್ಚಳ ಏಳದಿದ್ದಾಗ ಅದಕ್ಕೊಂದು ಮೀನುಗಾಳದ ದಾರ ಕಟ್ಟಿ, ಮೇಜಿನ ಹಿಂದೆ ಕರ್ಮನನ್ನು ಕೂರಿಸಿ, ಪರೀಕ್ಷಕರ ಕೈ ಹತ್ತಿರ ಬಂದಾಗ ಎಳೆಯಿಸುವುದು ಈ ಶಾಸ್ತ್ರದ ಶಿಖರ. ಇದರಲ್ಲಿ ಬಳಕೆದಾರನ ನಿರೀಕ್ಷೆ, ಪ್ರತಿಕ್ರಿಯೆಯ ವೇಗ, ಕಡಿಮೆ ವೆಚ್ಚ ಎಲ್ಲವೂ ಇವೆ. ರಿಪೋರ್ಟಿನಲ್ಲಿ ಮಾತ್ರ ಇದಕ್ಕೆ ಅಧ್ಯಾಯವಿಲ್ಲ.

ದಾರವೂ ಹರಿದರೆ ಪ್ರಮಾಣಶಾಸ್ತ್ರವೇ ಶರಣು. ನೈಯಾಯಿಕರು ಒಪ್ಪಿದ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷ ಈಗಾಗಲೇ ಕೈಬಿಟ್ಟಿದೆ. ಎಲ್‌ಇಡಿ ಉರಿಯುತ್ತಿದೆ, ಆದ್ದರಿಂದ ಒಳಗೆ ಎಲ್ಲ ಸರಿಯಿದೆ ಎಂಬುದು ಅನುಮಾನ. ಪಕ್ಕದ ಬ್ಯಾಚಿನದು ಓಡಿತಲ್ಲ, ನಮ್ಮದೂ ಅದೇ ಸರ್ಕ್ಯೂಟ್ ಎಂಬುದು ಉಪಮಾನ. 'ನಿನ್ನೆ ರಾತ್ರಿ ವರ್ಕ್ ಆಗ್ತಿತ್ತು ಸಾರ್' ಎಂಬುದು ಶಬ್ದಪ್ರಮಾಣ. ಇದು ಆಪ್ತವಾಕ್ಯವಾದ್ದರಿಂದ ಖಂಡಿಸಲು ಬರುವುದಿಲ್ಲ, ಮತ್ತು ಬಹುತೇಕ ನಿಜವೂ ಹೌದು.

ಮೌಲ್ಯಮಾಪನಕ್ಕೆ ಬಂದರೆ, ರಾಷ್ಟ್ರೀಯ ಮಾನ್ಯತಾ ಮಂಡಳಿಯ ಬಹುಕಾಲ ಚಾಲ್ತಿಯಲ್ಲಿದ್ದ ಹನ್ನೆರಡು ಫಲಿತಗಳ ಪಟ್ಟಿಯಲ್ಲಿ ಒಂಬತ್ತನೆಯದು ವೈಯಕ್ತಿಕ ಮತ್ತು ತಂಡದ ಕೆಲಸ. ಪ್ರತಿ ಕೋರ್ಸು ಅದನ್ನು ಎಷ್ಟು ಸಾಧಿಸುತ್ತದೆಂದು ಉಪನ್ಯಾಸಕರು 1, 2, 3 ಎಂದು ಎಕ್ಸೆಲ್ ಹಾಳೆಯಲ್ಲಿ ತುಂಬಬೇಕು. ಮಂಡಳಿಯ ಭೇಟಿಯ ಹಿಂದಿನ ವಾರ ರಾತ್ರಿ ಹತ್ತರವರೆಗೆ ಡಿಪಾರ್ಟ್‌ಮೆಂಟಿನಲ್ಲಿ ಉಳಿದು, ಒಬ್ಬರ ಹಾಳೆಗೆ ಇನ್ನೊಬ್ಬರದು ತಾಳೆಯಾಗುವಂತೆ ಅಂಕಿಗಳನ್ನು ಹೊಂದಿಸುವ ಅಧ್ಯಾಪಕರಲ್ಲಿ ಕಂಡುಬರುವ ತಂಡಕಾರ್ಯ ವಿದ್ಯಾರ್ಥಿಗಳಲ್ಲಿ ಅಪರೂಪ. ಅವರಲ್ಲೂ ಒಬ್ಬರು ಷಷ್ಠಿ ಇರುತ್ತಾರೆ. ವಿದ್ಯಾರ್ಥಿಗಳು ಪರಸ್ಪರ ಅಂಕ ಕೊಟ್ಟುಕೊಳ್ಳುವ ಫಾರಂಗಳಲ್ಲಿ ನಾಲ್ವರಿಗೂ ಹತ್ತಕ್ಕೆ ಹತ್ತು. ಫಾರಂಗಳು ಒಂದೇ ಪೆನ್ನಿನಲ್ಲಿ ತುಂಬಿರುವುದು ತಂಡದ ಒಗ್ಗಟ್ಟಿಗೆ ಇನ್ನೊಂದು ಸಾಕ್ಷ್ಯ.

ವೈವಾದಲ್ಲಿ ಎಕ್ಸ್‌ಟರ್ನಲ್ ಅನುಭವಸ್ಥರಾಗಿದ್ದರೆ ಮೊದಲ ಪ್ರಶ್ನೆ ನೇರ ಷಷ್ಠಿಗೇ: "ಇದರಲ್ಲಿ ನೀನೇನಪ್ಪ ಮಾಡಿದ್ದು?" ಉತ್ತರ ಪರಂಪರಾಗತ: "ಲಿಟರೇಚರ್ ಸರ್ವೆ ಸಾರ್." ಎರಡನೆಯ ಪ್ರಶ್ನೆ ಬೀಳುವ ಮುನ್ನವೇ ಕರ್ತೃ ಸರ್ಕ್ಯೂಟ್ ತೋರಿಸಲು ಮುಂದೆ ಬಾಗುತ್ತಾಳೆ, ಕರಣ ಲ್ಯಾಪ್‌ಟಾಪು ತಿರುಗಿಸುತ್ತಾನೆ, ಕರ್ಮ ರಿಪೋರ್ಟಿನ ಪುಟ ತೆರೆದು ಹಿಡಿಯುತ್ತಾನೆ. ಇಡೀ ಸೆಮಿಸ್ಟರಿನಲ್ಲಿ ರಿಂಗೆಲ್ಮನ್ನನ ಹಗ್ಗವನ್ನು ಮೂವರು ಒಂದೇ ಕ್ಷಣಕ್ಕೆ, ಪೂರ್ಣ ಬಲದಿಂದ ಎಳೆಯುವುದು ಇದೊಂದೇ ಸಲ. ಎಳೆಯುವುದು ಷಷ್ಠಿಯನ್ನು ದಡಕ್ಕೆ.

ತಂಡಗಳ ಬೆಳವಣಿಗೆಗೆ 1965ರಲ್ಲಿ ನಾಲ್ಕು ಹಂತ ಹೇಳಿದ್ದ ಬ್ರೂಸ್ ಟಕ್ಮನ್ 1977ರಲ್ಲಿ ವಿಸರ್ಜನೆ ಎಂಬ ಐದನೆಯದನ್ನು ಸೇರಿಸಿದ. ಬ್ಯಾಚಿನಲ್ಲಿ ವಿಸರ್ಜನೆಯೆಂದರೆ ಆಸ್ತಿ ವಿಭಾಗ. ಗೈಡ್ ಇರುವ ವಾಟ್ಸಾಪ್ ಗುಂಪು, ಗೈಡ್ ಇಲ್ಲದ ಗುಂಪು, ಷಷ್ಠಿಯೂ ಇಲ್ಲದ ಗುಂಪು ಈ ಮೂರರಲ್ಲಿ ಕೊನೆಯದರಲ್ಲಿ ಲೆಕ್ಕಾಚಾರ ನಡೆಯುತ್ತದೆ. ರಿಪೋರ್ಟಿನ ಒಂದು ಪ್ರತಿ ಡಿಪಾರ್ಟ್‌ಮೆಂಟಿನ ಕಪಾಟಿಗೆ ಸೇರುತ್ತದೆ. ಡಸ್ಟ್‌ಬಿನ್ನನ್ನು ಅಟೆಂಡರ್ ಮುಚ್ಚಳ ಕಿತ್ತು ಕಸಕ್ಕೆ ಬಳಸಿಕೊಳ್ಳುತ್ತಾರೆ. ಆರ್ಡುಯಿನೊ ಬೋರ್ಡು, ಸೆನ್ಸರು, ಕೋಡ್ ಮೂರೂ ಅರ್ಧ ಬೆಲೆಗೆ ಜೂನಿಯರ್‌ಗಳಿಗೆ ಮಾರಾಟವಾಗುತ್ತವೆ. ಜೂನಿಯರ್‌ಗಳು ಶೀರ್ಷಿಕೆಯ ಹಿಂದೆ 'ಎಐ ಆಧಾರಿತ' ಎಂದು ಸೇರಿಸುತ್ತಾರೆ.