ವಿಲಾಸಿ ಹಡಗುಗಳ ಊಟೋಪಚಾರ: ಒಂದು ಬಯಲುಸೀಮೆ ಮೀಮಾಂಸೆ

ವಿಲಾಸಿ ಹಡಗುಗಳ ಊಟದ ರುಚಿಯನ್ನೂ ಊಟದ ಮನೆಯ ಗತ್ತನ್ನೂ ತೂಗಿ ಅಂಕ ಹಾಕುವ ವಿದ್ವಾಂಸರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಈ ತನಕ ಪಟ್ಟಿಗೇ ಸೇರಿಸಿಲ್ಲ. ಈ ನಾಲ್ಕಕ್ಕೂ ಸಮುದ್ರವಿಲ್ಲ ಎಂಬುದು ಅವರ ಪೂರ್ವಪಕ್ಷ. ಮೇಲ್ನೋಟಕ್ಕೆ ಗಟ್ಟಿ ವಾದವೇ. ಆದರೆ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಪಿನಾಕಿನಿ ನೆಲ್ಲೂರು ದಾಟಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅಂದಮೇಲೆ ಜಲಮಾರ್ಗ ಇದ್ದೇ ಇದೆ, ಜಲ ಮಾತ್ರ ವರ್ಷದ ಬಹುಪಾಲು ರಜೆಯ ಮೇಲಿರುತ್ತದೆ. ಹಡಗು ಲಂಗರು ಹಾಕಿದೆ ಎಂದು ತಿಳಿಯಬೇಕೇ ಹೊರತು ಹಡಗೇ ಇಲ್ಲ ಎನ್ನಕೂಡದು. ಇತಿ ಸಿದ್ಧಾಂತ.

ಗಾತ್ರದ ಪ್ರಶ್ನೆ ಸಣ್ಣದು, ಬೇಗ ಮುಗಿಸಬಹುದು. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಲೋಕದಲ್ಲೇ ದೊಡ್ಡ ವಿಲಾಸಿ ಹಡಗೆಂದು ಹೆಸರಾಯಿತು. ಉದ್ದ 365 ಮೀಟರ್. ಮಧುಗಿರಿಯ ಏಕಶಿಲಾ ಬೆಟ್ಟ 3,930 ಅಡಿ. ಒಂದು ಉದ್ದ, ಇನ್ನೊಂದು ಸಮುದ್ರಮಟ್ಟದಿಂದ ಎತ್ತರ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸಲ್ಲದು ಎಂದು ಕೆಲವರು ಆಕ್ಷೇಪಿಸಬಹುದು. ಸಮುದ್ರಮಟ್ಟದ ಲೆಕ್ಕ ತೆಗೆದವರು ಅವರೇ ಆದ್ದರಿಂದ ಬೆಟ್ಟಕ್ಕೂ ಸಮುದ್ರಕ್ಕೂ ಇರುವ ನಂಟನ್ನು ಒಪ್ಪಿದಂತೆಯೇ ಆಯಿತು.

ಈಗ ಮುಖ್ಯ ವಿಷಯ: ಯಾರು ಎಲ್ಲಿ ಕೂತು ಉಣ್ಣಬೇಕು? 2004ರಲ್ಲಿ ಯಾನ ಶುರು ಮಾಡಿದ ಕ್ಯುನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಹಡಗಿನಲ್ಲಿ ಪ್ರಯಾಣಿಕರು ಹಿಡಿದ ಕೋಣೆಯ ದರ್ಜೆಯೇ ಊಟದ ಮನೆಯನ್ನೂ ಗೊತ್ತುಮಾಡುತ್ತದೆ. ದುಬಾರಿ ಸೂಟಿನವರಿಗೆ ಕ್ವೀನ್ಸ್ ಗ್ರಿಲ್, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನವರಿಗೆ ಪ್ರಿನ್ಸೆಸ್ ಗ್ರಿಲ್, ಮಿಕ್ಕ ಹೆಚ್ಚಿನವರಿಗೆ ಬ್ರಿಟಾನಿಯಾ. ಪಂಕ್ತಿಭೇದದ ವಿಷಯದಲ್ಲಿ ನಮ್ಮ ನಾಡಿನ ದಾಖಲೆಯೂ ಅಷ್ಟೇನೂ ಮಡಿಯಲ್ಲ; ಆದರೆ ಅದನ್ನು ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿ ಮುಂಗಡ ಹಣ ಪಡೆಯುವ ಉಪಾಯ ಯಾವ ಶಾಸ್ತ್ರಿಗಳಿಗೂ ಹೊಳೆದಿರಲಿಲ್ಲ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ ಸನ್ನಿಧಿಯಲ್ಲಿ ವ್ಯವಸ್ಥೆ ಬೇರೆ. ದರ್ಶನ ಮುಗಿಸಿದವರು ಪ್ರಸಾದದ ಸಾಲಿಗೆ ಬರುತ್ತಾರೆ. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಗುತ್ತಿಗೆದಾರನ ಮುಂದೆ ಕಡ್ಲೆಕಾಯಿ ಕೀಳುವ ಕೂಲಿಯಾಳು, ಹಿಂದೆ ಅಳುವ ಮಗುವಿನ ತಾಯಿ. ಬಕೆಟ್ಟು ಹಿಡಿದು ಬರುವಾತನಿಗೆ ಸೌಟು ಗೊತ್ತು, ಸೂಟು ಗೊತ್ತಿಲ್ಲ. ಪಕ್ಕದಲ್ಲೇ ತೀತಾ ಜಲಾಶಯ ಇರುವುದರಿಂದ ನೀರಿನ ನೋಟಕ್ಕೆಂದು ಹಡಗಿನವರು ಕೀಳುವ ಹೆಚ್ಚುವರಿ ಬಾಡಿಗೆಯೂ ಇಲ್ಲಿಲ್ಲ. ಮಂಗಳವಾರ, ಶುಕ್ರವಾರ ನೂಕುನುಗ್ಗಲು ಇರುತ್ತದೆ ಎಂಬುದೊಂದು ದೋಷ.

ಅಡುಗೆಯ ಗುಣಕ್ಕೆ ಬಂದರೆ ಮಧುಗಿರಿಯ ಮೆಸ್ಸುಗಳನ್ನು ಬಿಟ್ಟು ಪ್ರಬಂಧ ಮುಂದೆ ಹೋಗಲಾರದು. ಸಿಲ್ವರ್‌ಸೀ ಕಂಪನಿಯವರು 2021ರಲ್ಲಿ ‘ಸಿಲ್ವರ್ ಮೂನ್’ ಹಡಗಿನಲ್ಲಿ ‘ಸಾಲ್ಟ್’ ಎಂಬ ಹೊಸ ಪದ್ಧತಿ ತಂದರು: ಹಡಗು ಯಾವ ಸೀಮೆಯಲ್ಲಿದೆಯೋ ಆ ಸೀಮೆಯ ಅಡುಗೆಯನ್ನೇ ಬಡಿಸುವುದು. ಪತ್ರಿಕೆಗಳು ಇದನ್ನು ಕ್ರಾಂತಿಯೆಂದು ಕೊಂಡಾಡಿದವು. ಮಧುಗಿರಿಯಲ್ಲಿ ಆ ಸೀಮೆಯದಲ್ಲದ ಅಡುಗೆಯನ್ನು ಬಡಿಸಬಹುದೆಂಬ ಯೋಚನೆಯೇ ಮೊನ್ನೆ ಮೊನ್ನೆಯದು, ಗೋಬಿ ಮಂಚೂರಿ ಬಂದ ಮೇಲಿನದು.

ಬಸ್ಸಾರನ್ನು ತೆಗೆದುಕೊಳ್ಳಿ. ಸೊಪ್ಪನ್ನೋ ಹುರುಳಿಕಾಳನ್ನೋ ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ಕಟ್ಟಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ಇಷ್ಟನ್ನೂ ರುಬ್ಬಿ ಬೆರೆಸಿ ಕುದಿಸಿದರೆ ಸಾರು. ಮಿಕ್ಕ ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಬಗೆ, ಚೆಲ್ಲುವುದು ಏನೂ ಇಲ್ಲ. ಬರಗಾಲ ಕಂಡ ಸೀಮೆಯ ಈ ಲೆಕ್ಕಾಚಾರವನ್ನು ಹಡಗಿನ ಬಾಣಸಿಗ ಕಲಿತರೆ ಅದರ ಮೇಲೊಂದು ಪುಸ್ತಕ ಬರೆದಾನು. ಇನ್ನು ಮುದ್ದೆ. ಕ್ಯುನಾರ್ಡ್‌ನ ಗಾಲಾ ಸಂಜೆಗಳಿಗೆ ಕೋಟು, ಟೈ ಬೇಕು. ಮುದ್ದೆಗೂ ಅಷ್ಟೇ ಬಿಗಿಯಾದ ಶಿಷ್ಟಾಚಾರವಿದೆ. ಬೆರಳು ಒದ್ದೆ ಮಾಡಿಕೊಂಡು ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ಅಗಿಯದೆ ನುಂಗಬೇಕು. ಅಗಿದವನು ಹೊರಗಿನವನೆಂದು ಇಡೀ ಮೆಸ್ಸಿಗೆ ತಿಳಿದುಹೋಗುತ್ತದೆ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಸೌಜನ್ಯ ಹಡಗಿನವರಿಗೂ ಅನುಕರಣೀಯ.

“ಇನ್ನೊಂದು ಹಾಕ್ಲಾ ಅಣ್ಣಾ?”

“ಅರ್ಧ ಸಾಕಪ್ಪ.”

ಅರ್ಧ ಎಂಬ ಅಳತೆ ಇಲ್ಲಿ ತತ್ತ್ವವಾಗಿ ಮಾತ್ರ ಉಳಿದಿದೆ. ತಟ್ಟೆಗೆ ಬೀಳುವುದು ಇಡಿಯೇ.

ಶಿರಾದ ಮಾತು ಕಾಲಮಾನಕ್ಕೆ ಸಂಬಂಧಿಸಿದ್ದು. ನಾರ್ವೇಜಿಯನ್ ಕ್ರೂಸ್ ಲೈನ್ 2000ದಲ್ಲಿ ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ ಯಾವಾಗ ಬೇಕೋ ಆಗ ಉಣ್ಣುವ ಸ್ವಾತಂತ್ರ್ಯ ಘೋಷಿಸಿತು. ಶಿರಾ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲಿನ ಬಸ್ಸುಗಳಲ್ಲಿ ಆ ಸ್ವಾತಂತ್ರ್ಯ ಪೂರ್ತಿ ಡ್ರೈವರ್ ಮತ್ತು ಕಂಡಕ್ಟರಿಗೆ ಸೇರಿದ್ದು. ಅವರಿಗೆ ಹಸಿವಾದಾಗ ಎಲ್ಲರಿಗೂ ಹಸಿವಾಗತಕ್ಕದ್ದು. “ಹತ್ತು ನಿಮಿಷ, ಊಟ-ತಿಂಡಿ ಮಾಡೋರು ಮಾಡ್ಕೊಳ್ಳಿ” ಎಂಬ ಘೋಷಣೆ ರಾತ್ರಿ ಹನ್ನೊಂದೂವರೆಗೂ ಬರಬಹುದು, ಬೆಳಗಿನ ಜಾವಕ್ಕೂ ಬರಬಹುದು. 1687ರಲ್ಲಿ ಮೊಘಲರು ಸುಬಾದ ರಾಜಧಾನಿ ಮಾಡಿಕೊಂಡ ಊರು ಇದು. ಇಲ್ಲಿನ ತೋಟಗಳ ಮಾದರಿಯಲ್ಲೇ ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರು ಮಾಡಿದನೆಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಇಷ್ಟೆಲ್ಲ ವೈಭವದ ಹಿನ್ನೆಲೆಯಿದ್ದೂ ಪ್ರಯಾಣಿಕ ಒಂದು ಕಣ್ಣನ್ನು ಇಡ್ಲಿಯ ಮೇಲೆ, ಇನ್ನೊಂದನ್ನು ಬಸ್ಸಿನ ಚಕ್ರದ ಮೇಲೆ ಇಟ್ಟುಕೊಂಡೇ ತಿನ್ನಬೇಕು. ವಾತಾವರಣದ ಕಾಲಂನಲ್ಲಿ ಶಿರಾಕ್ಕೆ ಅಂಕ ಕಡಿಮೆಯಾದದ್ದು ಇದರಿಂದಲೇ.

ಪಾವಗಡ ಈ ಅಧ್ಯಯನದ ಅತ್ಯಂತ ಸಮುದ್ರಸದೃಶ ತಾಲ್ಲೂಕು. ಮಹಾನೌಕೆಗಳು ಸುತ್ತ ನೀರಿದ್ದರೂ ಅದನ್ನು ಕುಡಿಯಲಾಗದೆ ಯಂತ್ರಗಳಲ್ಲಿ ಶುದ್ಧ ಮಾಡಿಕೊಳ್ಳುತ್ತವೆ. ಪಾವಗಡದಲ್ಲೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ಹಳ್ಳಿ ಹಳ್ಳಿಯ ಆರ್‌ಒ ಘಟಕದ ಮುಂದೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಸೈಕಲ್ಲಿಗೋ ಮೊಪೆಡ್ಡಿಗೋ ಕಟ್ಟಿಕೊಂಡು ಹೋಗುತ್ತಾರೆ. ಹಡಗಿನ ಹೊಸಬರಿಗೆ ಈ ವಿಷಯ ಕರಪತ್ರದಲ್ಲಿ ತಿಳಿಯುತ್ತದೆ, ಇಲ್ಲಿನ ಹಿರಿಯರಿಗೆ ಮಂಡಿ ನೋವಿನಲ್ಲಿ. ಬಿಸಿಲು ಕಾಯಿಸುವ ಅಟ್ಟದ ವಿಷಯದಲ್ಲಂತೂ ಪೈಪೋಟಿಯೇ ಇಲ್ಲ: ತಿರುಮಣಿಯ ಸುತ್ತಲಿನ ಸೌರ ಪಾರ್ಕು ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನನ್ನು ರೈತರಿಂದ ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಿಗೆ ಗುತ್ತಿಗೆ ಹಿಡಿದರು. ಹಡಗಿನಲ್ಲಿ ಬಿಸಿಲಿಗೆ ಮೈಯೊಡ್ಡುವವನು ದುಡ್ಡು ತೆರುತ್ತಾನೆ. ಪಾವಗಡದಲ್ಲಿ ಬಿಸಿಲಿಗೆ ಹೊಲವೊಡ್ಡಿದವನೇ ದುಡ್ಡು ಪಡೆಯುತ್ತಾನೆ. ಆ ಹೊಲಗಳಲ್ಲಿ ಮೊದಲು ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಯಾವ ಗುತ್ತಿಗೆಯ ಹಣವೂ ಇಲ್ಲ. ಈ ಸಂಗತಿ ಊಟದ ಗುಣಮಟ್ಟಕ್ಕೆ ನೇರವಾಗಿ ಸಂಬಂಧಿಸಿದ್ದೇ ಆದರೂ ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

2021ರಲ್ಲಿ ಮುಂಬಯಿಯಿಂದ ಯಾನ ಆರಂಭಿಸಿದ ಕೊರ್ಡೆಲಿಯಾ ಹಡಗಿನಲ್ಲಿ ಜೈನ ಊಟವೂ ಸಿಗುತ್ತದೆ. ಶ್ರಾವಣ ಶನಿವಾರ ಪಾವಗಡದ ಶನಿಮಹಾತ್ಮನ ದೇವಸ್ಥಾನಕ್ಕೆ ಬಂದವರಲ್ಲಿ ಒಪ್ಪೊತ್ತಿನವರಿಗೆ ಬೇರೆ, ಉಪವಾಸದವರಿಗೆ ಬೇರೆ ಎಂದು ಹೋಟೆಲಿನವರು ಕೇಳದೆಯೇ ತಿಳಿದುಕೊಳ್ಳುವುದನ್ನು ಇದಕ್ಕೆ ಹೋಲಿಸಬಹುದು.

ಅನುಬಂಧ: ನಾಲ್ಕು ತಾಲ್ಲೂಕುಗಳಲ್ಲಿ ನಿಜಕ್ಕೂ ಯಾನ ಮಾಡಿ ಬಂದು, ತಾಜಾ ಮೀನು ತಿಂದು, ತಿಂಗಳುಗಟ್ಟಲೆ ತಂಗುವ ಗಿರಾಕಿಗಳು ಶಿರಾ ಬಳಿಯ ಕಗ್ಗಲಡುವಿನ ಬಣ್ಣದ ಕೊಕ್ಕರೆಗಳು. ಊರೊಳಗಿನ ಹುಣಸೆಮರಗಳೇ ಅವುಗಳ ಕೋಣೆ. ಸುತ್ತಲ ಕೆರೆಗಳಿಂದ ಮೀನು ನುಂಗಿ ತಂದು, ಗೂಡಿನಲ್ಲಿ ಕಕ್ಕಿ ಮರಿಗಳಿಗೆ ಉಣ್ಣಿಸುತ್ತವೆ. ವಾಸನೆ ಸಹಿಸಿಕೊಂಡು ಊರಿನವರೇ ಅವುಗಳನ್ನು ಕಾಯುತ್ತಾರೆ. ಊಟ ಮತ್ತು ವಾತಾವರಣದ ಬಗ್ಗೆ ಈ ಅನುಭವಿ ಪ್ರಯಾಣಿಕರ ಅಭಿಪ್ರಾಯ ಸಂಗ್ರಹಿಸಲೆಂದು ಮರದಡಿ ಪ್ರಶ್ನಾವಳಿಯ ಹಾಳೆಗಳನ್ನು ಇಡಲಾಗಿತ್ತು. ಸಂಜೆಯೊಳಗೆ ಅಷ್ಟೂ ಹಾಳೆಗಳು ಭರ್ತಿಯಾಗಿದ್ದವು. ಓದಿ ವಿಂಗಡಿಸಲು ಸಹಾಯಕರು ಮುಂದೆ ಬರಬೇಕಷ್ಟೆ.